ಅಮ್ಮನ ಚಿಂತೆ, ಚಿಕ್ಕಮ್ಮನ ನಗು ಮತ್ತು ಬಿಪಿ ಮಾತ್ರೆ

ನಮ್ಮ ಅಮ್ಮ ಎಲ್ಲವನ್ನೂ ತಲೆಗೆ ಹಚ್ಚಿಕೊಳ್ಳುವವರು. ನಾನು ಎರಡು ಸಲ ಫೋನ್ ಎತ್ತದಿದ್ದರೆ ಅವರ ಕಣ್ಣಿಗೆ ಆಕ್ಸಿಡೆಂಟೇ ಕಾಣುತ್ತದೆ. ಗ್ಯಾಸ್ ಆಫ್ ಮಾಡಿದ್ದೇನಾ ಎಂದು ಬಸ್ ಸ್ಟ್ಯಾಂಡಿನಿಂದ ವಾಪಸ್ ಬಂದು ನೋಡಿದ್ದೂ ಉಂಟು. ಅವರ ತಂಗಿ, ಅಂದರೆ ನಮ್ಮ ಚಿಕ್ಕಮ್ಮ, ಇದಕ್ಕೆ ತದ್ವಿರುದ್ಧ. ಮದುವೆ ಮನೆಯಲ್ಲಿ ಯಾವ ಮೂಲೆಯಿಂದ ಜೋರು ನಗು ಕೇಳುತ್ತದೋ ಆ ಮೂಲೆಯಲ್ಲಿ ಚಿಕ್ಕಮ್ಮ ಇರುತ್ತಾರೆ. "ಆಗೋದು ಆಗುತ್ತೆ ಬಿಡಕ್ಕ" ಎನ್ನುವುದು ಅವರ ಮಾತು. ಮನೆಯವರೆಲ್ಲರ ಲೆಕ್ಕ ಒಂದೇ ಆಗಿತ್ತು. ಚಿಂತೆ ಮಾಡಿ ಮಾಡಿ ಅಮ್ಮನೇ ಮೊದಲು ಹಾಸಿಗೆ ಹಿಡಿಯುತ್ತಾರೆ ಅಂತ.

ಐವತ್ತರ ಆಸುಪಾಸಿನಲ್ಲಿ ಇಬ್ಬರಿಗೂ ಬಿಪಿ ಬಂತು. ಡಾಕ್ಟರು ಕೊಟ್ಟಿದ್ದು ಇಬ್ಬರಿಗೂ ಒಂದೇ ಮಾತ್ರೆ. ಅಮ್ಮ ಅದನ್ನು ಕಾಫಿ ಫಿಲ್ಟರ್ ಪಕ್ಕ ಇಟ್ಟುಕೊಂಡರು. ಒಂದು ದಿನ ಬಿಟ್ಟರೂ ಏನಾಗಿಬಿಡುತ್ತದೋ ಎಂಬ ಭಯಕ್ಕೆ ಇವತ್ತಿನವರೆಗೆ ತಪ್ಪಿಸಿಲ್ಲ. ಚಿಕ್ಕಮ್ಮ ಆರು ತಿಂಗಳು ತಗೊಂಡರು. "ಈಗ ನಾರ್ಮಲ್ ಇದೆ, ಸುಮ್ನೆ ಯಾಕೆ ಮಾತ್ರೆ ನುಂಗೋದು" ಎಂದು ಬಿಟ್ಟರು. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದಿದ್ದು ಚಿಕ್ಕಮ್ಮನಿಗೆ. ಬೇಗ ಆಸ್ಪತ್ರೆ ಸೇರಿದ್ದರಿಂದ ಓಡಾಡುವಂತಾದರು. ಎಡಗೈಗೆ ಮಾತ್ರ ಇನ್ನೂ ಮೊದಲಿನ ಹಿಡಿತ ಬಂದಿಲ್ಲ.

ಆಗಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಸ್ವಭಾವಕ್ಕೂ ಆರೋಗ್ಯಕ್ಕೂ ಸಂಬಂಧ ಇದೆ ಎಂದು ನಾವೆಲ್ಲ ನಂಬುತ್ತೇವೆ. ಹಾಗಿದ್ದರೆ ನಮ್ಮ ಮನೆಯವರ ಲೆಕ್ಕ ತಪ್ಪಿದ್ದೆಲ್ಲಿ?

ಇದು ಒಂದು ಮನೆಯ ಪ್ರಶ್ನೆ ಅಲ್ಲ. 2025ರ ಮೇ, ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೆ ಒಂದು ಹೃದಯಾಘಾತದ ಸುದ್ದಿ ಬಂತು. ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾವು. ಹೋದವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನಿಂದಲೇ ಜನ ಸಾಲುಗಟ್ಟಿದರು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೋದಾಗಲೂ ಇದೇ ಆಗಿತ್ತು. ಬಸ್ಸಿನಲ್ಲಿ, ಹೋಟೆಲಿನಲ್ಲಿ ಎರಡು ಕಾರಣ ಜಾಸ್ತಿ ಕೇಳಿಬಂದವು. ಒಂದು, ಕೋವಿಡ್ ಲಸಿಕೆ. ಇನ್ನೊಂದು, "ತುಂಬಾ ಟೆನ್ಷನ್ ತಗೊಳ್ತಿದ್ದ ಕಣ್ರೀ". ಸರ್ಕಾರ ನೇಮಿಸಿದ ತಜ್ಞರ ಸಮಿತಿ ಲಸಿಕೆಯ ವಾದವನ್ನು ಒಪ್ಪಲಿಲ್ಲ. ಸತ್ತವರಲ್ಲಿ ಹಲವರಿಗೆ ಮೊದಲೇ ಬಿಪಿ, ಶುಗರ್, ಸಿಗರೇಟು, ಕುಡಿತ ಇತ್ತು. ಅವರಲ್ಲಿ ಆಟೋ, ಕ್ಯಾಬ್ ಓಡಿಸುವವರೂ ಇದ್ದರು. ಆದರೆ ಟೆನ್ಷನ್ನಿನ ಮಾತು ಜನರ ಬಾಯಲ್ಲಿ ಹಾಗೇ ಉಳಿಯಿತು.

ಕನ್ನಡದಲ್ಲಿ ನಾವು ಟೆನ್ಷನ್ "ತಗೊಳ್ಳುತ್ತೇವೆ". ಅಂಗಡಿಯಿಂದ ಸೊಪ್ಪು ತಂದ ಹಾಗೆ. ತಗೊಂಡವನದೇ ತಪ್ಪು, ಬೇಡ ಅಂದಿದ್ದರೆ ಆಗುತ್ತಿತ್ತು ಎಂಬ ಅರ್ಥ ಆ ಮಾತಿನೊಳಗೇ ಕೂತಿದೆ. ಒತ್ತಡ, ಸ್ವಭಾವ, ಕಾಯಿಲೆ ಈ ಮೂರರ ನಡುವಿನ ಸಂಬಂಧವನ್ನು ನಾವು ತಪ್ಪಾಗಿ ತಿಳಿದುಕೊಂಡಿದ್ದೇವೆ ಎಂದು ನನಗೆ ಅನ್ನಿಸಲು ಶುರುವಾಗಿದ್ದು ಇಲ್ಲಿಂದ. ಆ ತಪ್ಪಿಗೆ ಒಂದು ಇತಿಹಾಸವೂ ಇದೆ.

ಅದು ಶುರುವಾಗಿದ್ದು ಕುರ್ಚಿಗಳಿಂದ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೇಯರ್ ಫ್ರೀಡ್‌ಮನ್, ರೇ ರೋಸೆನ್‌ಮನ್ ಎಂಬ ಇಬ್ಬರು ಹೃದ್ರೋಗ ತಜ್ಞರಿದ್ದರು. ಅವರ ಕ್ಲಿನಿಕ್ಕಿನ ಕುರ್ಚಿಗಳಿಗೆ ಹೊಸ ಬಟ್ಟೆ ಹಾಕಲು ಬಂದವನು ಒಂದು ವಿಚಿತ್ರ ಗಮನಿಸಿದ. ಕುರ್ಚಿಗಳು ಮುಂದಿನ ಅಂಚಿನಲ್ಲಿ ಮಾತ್ರ ಸವೆದಿದ್ದವು. ಅಲ್ಲಿಗೆ ಬರುವ ರೋಗಿಗಳು ಒರಗಿ ಕೂರುತ್ತಲೇ ಇರಲಿಲ್ಲ. ಯಾವಾಗ ಕರೆಯುತ್ತಾರೋ ಎಂದು ತುದಿಯಲ್ಲೇ ಕೂತು ಕಾಯುತ್ತಿದ್ದರು. 1959ರಲ್ಲಿ ಈ ವೈದ್ಯರು ತಮ್ಮ ವಾದವನ್ನು ಪ್ರಕಟಿಸಿದರು. ಸದಾ ಅವಸರ, ಸ್ಪರ್ಧೆ, ತಟ್ಟನೆ ಸಿಟ್ಟು, ಒಂದೇ ಸಲಕ್ಕೆ ನಾಲ್ಕು ಕೆಲಸ. ಇಂಥವರನ್ನು "ಟೈಪ್ ಎ" ಎಂದು ಕರೆದರು. ನಿಧಾನಸ್ಥರು "ಟೈಪ್ ಬಿ". ಆಮೇಲೆ 39ರಿಂದ 59 ವರ್ಷದೊಳಗಿನ ಮೂರು ಸಾವಿರಕ್ಕೂ ಹೆಚ್ಚು ಆರೋಗ್ಯವಂತ ಗಂಡಸರನ್ನು ಎಂಟೂವರೆ ವರ್ಷ ಗಮನಿಸಿದರು. ಟೈಪ್ ಎ ಗುಂಪಿನಲ್ಲಿ ಹೃದಯದ ಕಾಯಿಲೆ ಸುಮಾರು ಎರಡು ಪಟ್ಟು ಇತ್ತು.

ಸುದ್ದಿ ಜಗತ್ತೆಲ್ಲ ಹಬ್ಬಿತು. ಇವತ್ತಿಗೂ ಬೆಂಗಳೂರಿನ ಆಫೀಸುಗಳಲ್ಲಿ "ನಾನು ಟೈಪ್ ಎ" ಎಂದು ಹೇಳಿಕೊಳ್ಳುವವರು ಸಿಗುತ್ತಾರೆ. ಆದರೆ ಮುಂದೇನಾಯಿತು ಎಂಬುದು ಅಷ್ಟು ಹಬ್ಬಲಿಲ್ಲ. ಆಮೇಲಿನ ದೊಡ್ಡ ಅಧ್ಯಯನಗಳಲ್ಲಿ ಈ ಸಂಬಂಧ ಸಿಗಲೇ ಇಲ್ಲ. 1988ರಲ್ಲಿ ಅದೇ ಹಳೆಯ ಗುಂಪಿನವರ ಲೆಕ್ಕ ಮತ್ತೆ ತೆಗೆದರು. ಒಮ್ಮೆ ಹೃದಯದ ಕಾಯಿಲೆ ಬಂದ ಮೇಲೆ ಟೈಪ್ ಎ ಜನರೇ ಟೈಪ್ ಬಿ ಜನರಿಗಿಂತ ಹೆಚ್ಚು ಬದುಕಿದ್ದರು. ಅವಸರ, ಸ್ಪರ್ಧೆ ಇವೆಲ್ಲ ಕೊಲ್ಲುವ ಗುಣಗಳಾಗಿ ಉಳಿಯಲಿಲ್ಲ. ಉಳಿದದ್ದು ಅದರೊಳಗಿನ ಒಂದು ತುಣುಕು. ಜನರ ಮೇಲಿನ ಅಪನಂಬಿಕೆ, ಒಳಗೊಳಗೇ ಕುದಿಯುವ ಸಿಟ್ಟು. 2009ರಲ್ಲಿ ಈ ಬಗ್ಗೆ ನಡೆದಿದ್ದ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದಾಗ, ಸಿಟ್ಟು, ದ್ವೇಷ ಹೆಚ್ಚಿರುವ ಆರೋಗ್ಯವಂತರಲ್ಲಿ ಹೃದಯದ ಕಾಯಿಲೆಯ ಅಪಾಯ ಶೇ 19ರಷ್ಟು ಜಾಸ್ತಿ ಕಂಡಿತು.

ಶೇ 19 ಸಣ್ಣದಲ್ಲ. ಆದರೆ ಅದನ್ನು ಇನ್ನೊಂದು ಸಂಖ್ಯೆಯ ಪಕ್ಕ ಇಟ್ಟು ನೋಡಬೇಕು. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಸಿಗರೇಟು ಸೇದುವವರಿಗೆ ಹೃದಯಾಘಾತದ ಸಾಧ್ಯತೆ ಸೇದದವರಿಗಿಂತ ಮೂರು ಪಟ್ಟಿನ ಹತ್ತಿರ ಇತ್ತು. ಈ ಅಧ್ಯಯನ ನಡೆಸಿದ ಸಲೀಂ ಯೂಸುಫ್ ವೈದ್ಯಕೀಯ ಓದಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸುಮಾರು 53ಕ್ಕೆ ಬರುತ್ತದೆ, ಬೇರೆಯವರಿಗೆ ಸುಮಾರು 59ಕ್ಕೆ ಎಂದು ತೋರಿಸಿದ್ದೂ ಇದೇ ಅಧ್ಯಯನ.

ಸಿಗರೇಟಿನ ಮಾತು ಸುಮ್ಮನೆ ತಂದಿದ್ದಲ್ಲ. ಟೈಪ್ ಎ ಸಂಶೋಧನೆಗೆ ಸಿಗರೇಟು ಕಂಪನಿಗಳ ಹಣ ಹರಿದಿತ್ತು. ಅಮೆರಿಕದ ಮೊಕದ್ದಮೆಗಳಿಂದ ಹೊರಬಂದ ಕಂಪನಿಗಳ ಒಳಗಿನ ಕಾಗದಪತ್ರಗಳನ್ನು ಲಂಡನ್ನಿನ ಸಂಶೋಧಕರು ಓದಿ 2012ರಲ್ಲಿ ಬರೆದರು. ಫಿಲಿಪ್ ಮಾರಿಸ್ ಕಂಪನಿ ವರ್ಷಗಟ್ಟಲೆ ಫ್ರೀಡ್‌ಮನ್ ಅವರ ಸಂಸ್ಥೆಗೆ ದುಡ್ಡು ಕೊಟ್ಟಿತ್ತು. ಕಾರಣ ಸರಳ. ಹೃದಯ ಕೆಡುವುದು ಸ್ವಭಾವದಿಂದ ಎಂದಾದರೆ ಸಿಗರೇಟು ಪಾರಾಗುತ್ತದೆ. ಒತ್ತಡದ ಬಗ್ಗೆ 1936ರಿಂದಲೇ ಬರೆದು, ಆ ಪದವನ್ನು ವೈದ್ಯಲೋಕಕ್ಕೆ ಪರಿಚಯಿಸಿದ ಹ್ಯಾನ್ಸ್ ಸೆಲ್ಯೆ ಕೂಡ ಆ ಹಣ ಪಡೆದಿದ್ದರು. ಬ್ರಿಟನ್ನಿನ ಹೆಸರಾಂತ ಮನೋವಿಜ್ಞಾನಿ ಹ್ಯಾನ್ಸ್ ಐಸೆಂಕ್ ಇನ್ನೂ ಮುಂದೆ ಹೋದರು. ಕ್ಯಾನ್ಸರ್ ಬರುವ ಸ್ವಭಾವ, ಹೃದಯಾಘಾತ ಆಗುವ ಸ್ವಭಾವ ಎಂದು ಬೇರೆ ಬೇರೆ ಇದೆ ಎಂದು ಬರೆದರು. 2019ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜು ವಿಚಾರಣೆ ಮಾಡಿ, ಅವರ ಮತ್ತು ಅವರ ಸಹಲೇಖಕರ 26 ಲೇಖನಗಳನ್ನು ನಂಬುವಂತಿಲ್ಲ ಎಂದು ಹೇಳಿತು. ಐಸೆಂಕ್ ತೀರಿಕೊಂಡು ಆಗಲೇ ಇಪ್ಪತ್ತೆರಡು ವರ್ಷ ಆಗಿತ್ತು.

ಇದನ್ನು ಓದಿದಾಗ ನನಗೆ ಕೋಪ ಬಂತು. ಇಂಥ ಮಾತು ಲಂಡನ್ನಿನಲ್ಲೇ ಉಳಿಯಲಿಲ್ಲ. ಕ್ಯಾನ್ಸರ್ ಬಂದ ಹೆಂಗಸಿನ ಮನೆಗೆ ನೋಡಲು ಬಂದವರು "ಎಲ್ಲಾ ಮನಸ್ಸಲ್ಲೇ ಇಟ್ಕೊಳ್ತಿದ್ಲು ಪಾಪ, ಅದಕ್ಕೇ ಬಂತು" ಎನ್ನುವುದನ್ನು ನೀವೂ ಕೇಳಿರುತ್ತೀರಿ. ಆಕೆಗೆ ಕಾಯಿಲೆಯ ನೋವು ಸಾಲದು ಎಂಬಂತೆ ಅದನ್ನು ತಾನೇ ತಂದುಕೊಂಡೆ ಎಂಬ ನೋವೂ ಸೇರುತ್ತದೆ. ಆಧಾರ ಇಲ್ಲದ ಮಾತು ಅದು. ದಯವಿಟ್ಟು ಯಾರಿಗೂ ಅನ್ನಬೇಡಿ.

ಹಾಗಾದರೆ ಸ್ವಭಾವಕ್ಕೆ ಪಾತ್ರವೇ ಇಲ್ಲವೇ? ಇದೆ. ನಾವು ಹುಡುಕಿದ ಜಾಗದಲ್ಲಿ ಇಲ್ಲ ಅಷ್ಟೇ.

ಮನೋವಿಜ್ಞಾನಿಗಳು ಈಗ ಜನರನ್ನು ಎರಡೋ ನಾಲ್ಕೋ ಜಾತಿಯಾಗಿ ವಿಂಗಡಿಸುವುದಿಲ್ಲ. ಐದು ಗುಣಗಳನ್ನು ಅಳೆಯುತ್ತಾರೆ. ಹೊಸದನ್ನು ಒಪ್ಪುವ ಮನಸ್ಸು, ಅಚ್ಚುಕಟ್ಟುತನ, ಜನರೊಡನೆ ಬೆರೆಯುವ ಗುಣ, ಹೊಂದಿಕೊಂಡು ಹೋಗುವ ಗುಣ, ತಲೆಗೆ ಹಚ್ಚಿಕೊಳ್ಳುವ ಗುಣ. ಎಲ್ಲರಲ್ಲೂ ಐದೂ ಇರುತ್ತವೆ, ಎತ್ತರ ಮಾತ್ರ ಬೇರೆ. ಹೆಚ್ಚಿನವರು ನಡುವೆ ಎಲ್ಲೋ ಇರುತ್ತಾರೆ. ಐದರಲ್ಲಿ ಆಯಸ್ಸಿನ ಜೊತೆ ಅತಿ ಗಟ್ಟಿಯಾಗಿ ಹೆಣೆದುಕೊಂಡಿರುವುದು ಯಾವುದು ಎಂದು ಕೇಳಿದರೆ ಹೆಚ್ಚಿನವರು ಖುಷಿ ಅಥವಾ ಚಿಂತೆಯ ಹೆಸರು ಹೇಳುತ್ತಾರೆ. ಉತ್ತರ ಅಚ್ಚುಕಟ್ಟುತನ.

ಇದು ಗೊತ್ತಾದದ್ದು ಬಹಳ ಹಳೆಯ ಒಂದು ಅಧ್ಯಯನದಿಂದ. 1921ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ ಕ್ಯಾಲಿಫೋರ್ನಿಯಾದ ಸುಮಾರು 1,500 ಬುದ್ಧಿವಂತ ಮಕ್ಕಳನ್ನು ಆರಿಸಿ ಅವರ ಬದುಕನ್ನು ದಾಖಲಿಸತೊಡಗಿದರು. ಟರ್ಮನ್ ಸತ್ತ ಮೇಲೂ ಕೆಲಸ ನಿಲ್ಲಲಿಲ್ಲ. ಎಷ್ಟೋ ದಶಕಗಳ ನಂತರ ಹೊವಾರ್ಡ್ ಫ್ರೀಡ್‌ಮನ್ ಮತ್ತು ಜೊತೆಗಾರರು ಆ ಮಕ್ಕಳ ಮರಣದ ದಾಖಲೆ ಹುಡುಕಿ ತೆಗೆದರು. (ಟೈಪ್ ಎ ಫ್ರೀಡ್‌ಮನ್ ಬೇರೆ, ಇವರು ಬೇರೆ.) ಹತ್ತು ಹನ್ನೊಂದನೇ ವಯಸ್ಸಿನಲ್ಲಿ ಅಪ್ಪ ಅಮ್ಮ, ಟೀಚರು ಯಾವ ಮಗುವನ್ನು ಜವಾಬ್ದಾರಿಯವನು, ಯೋಚಿಸಿ ಕೆಲಸ ಮಾಡುವವಳು ಎಂದಿದ್ದರೋ ಆ ಮಕ್ಕಳು ಹೆಚ್ಚು ವರ್ಷ ಬದುಕಿದ್ದರು. ತಮಾಷೆಯ, ಸದಾ ನಗುವ ಮಕ್ಕಳು ಸರಾಸರಿ ಸ್ವಲ್ಪ ಬೇಗ ಹೋಗಿದ್ದರು. ಅಂಥವರಲ್ಲಿ ಸಿಗರೇಟು, ಕುಡಿತ, ಅಪಾಯಕ್ಕೆ ಕೈ ಹಾಕುವುದು ಜಾಸ್ತಿ ಇತ್ತು. ಏನೂ ಆಗಲ್ಲ ಬಿಡು ಎಂಬ ಧೈರ್ಯವೂ ಅದರ ಹಿಂದೆ ಇದ್ದೀತು.

ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತೆ. ಚಿಕ್ಕಮ್ಮನ ಮಾತು ಕಿವಿಯಲ್ಲಿ ಕೇಳಿದ ಹಾಗಾಯಿತು.

ಆದರೆ ನಗುವಿನ ಮೇಲೆ ತೀರ್ಪು ಕೊಟ್ಟುಬಿಡಬೇಡಿ. ಅಮೆರಿಕದ ಕ್ರೈಸ್ತ ಸನ್ಯಾಸಿನಿಯರ ಮೇಲೆ ನಡೆದ ಇನ್ನೊಂದು ಅಧ್ಯಯನ ಬೇರೆಯದೇ ಹೇಳುತ್ತದೆ. 180 ಸನ್ಯಾಸಿನಿಯರು ಇಪ್ಪತ್ತೆರಡರ ಆಸುಪಾಸಿನಲ್ಲಿ ಕೈಯಾರೆ ಬರೆದ ಪುಟ್ಟ ಆತ್ಮಕಥೆಗಳನ್ನು ಸಂಶೋಧಕರು ಓದಿದರು. ಸಂತೋಷ, ಕೃತಜ್ಞತೆ, ಭರವಸೆಯ ಮಾತು ಹೆಚ್ಚು ಬರೆದವರು ಅರವತ್ತು ವರ್ಷದ ನಂತರವೂ ಹೆಚ್ಚು ಸಂಖ್ಯೆಯಲ್ಲಿ ಬದುಕಿದ್ದರು. ಎರಡು ಅಧ್ಯಯನ ಒಂದಕ್ಕೊಂದು ಜಗಳ ಆಡುತ್ತಿವೆ ಅನ್ನಿಸುತ್ತದೆ, ಅಲ್ವಾ? ನನಗೆ ತೋಚುವ ಉತ್ತರ ಇದು. ಮಠದಲ್ಲಿ ಎಲ್ಲರದೂ ಒಂದೇ ಊಟ, ಒಂದೇ ದಿನಚರಿ. ಸಿಗರೇಟಿಲ್ಲ, ಕುಡಿತ ಇಲ್ಲ, ವೈದ್ಯರನ್ನು ಕಾಣಲು ತಡೆ ಇಲ್ಲ. ಅಲ್ಲಿ ನಗು ತನ್ನ ಒಳ್ಳೆಯದನ್ನು ಮಾತ್ರ ಮಾಡಿದೆ. ಹೊರಗಿನ ಬದುಕಿನಲ್ಲಿ ಅದೇ ನಗು ಕೆಲವರನ್ನು ಬಾರಿಗೂ ಕರೆದೊಯ್ಯುತ್ತದೆ, ಮಾತ್ರೆಯನ್ನೂ ಮರೆಸುತ್ತದೆ. ಸ್ವಭಾವ ನೇರವಾಗಿ ಎದೆಗೆ ಇಳಿಯುವುದು ಕಡಿಮೆ. ಅದು ಹೋಗುವುದು ರೂಢಿಯ ದಾರಿಯಲ್ಲಿ. ನಿದ್ದೆ, ಊಟ, ನಡಿಗೆ, ಚಟ, ಮಾತ್ರೆ, ಎದೆ ನೋವು ಬಂದಾಗ ಆಸ್ಪತ್ರೆಗೆ ಹೋಗಲು ತೆಗೆದುಕೊಳ್ಳುವ ಸಮಯ. ನಮ್ಮ ಮನೆಯವರ ಲೆಕ್ಕ ತಪ್ಪಿದ್ದು ಇಲ್ಲಿ. ನಾವು ಮುಖ ನೋಡಿ ಆಯಸ್ಸು ಅಳೆದೆವು. ಮಾತ್ರೆಯ ಡಬ್ಬಿ ನೋಡಬೇಕಿತ್ತು.

ಹಾಗೆಂದು ಅಮ್ಮನ ಚಿಂತೆಗೆ ಬೆಲೆ ಇಲ್ಲ ಎಂದಲ್ಲ. ತಲೆಗೆ ಹಚ್ಚಿಕೊಳ್ಳುವವರು ಪಡುವ ಕಷ್ಟ ನಿಜ. ಗದ್ದೆಯ ಬದುವಿನಲ್ಲಿ ಹಾವು ಕಂಡರೆ ಏನಾಗುತ್ತದೆ? ಅಡ್ರಿನಲಿನ್ ಎಂಬ ಹಾರ್ಮೋನು ನುಗ್ಗುತ್ತದೆ, ಎದೆ ಡವಡವ ಹೊಡೆಯುತ್ತದೆ, ಬಿಪಿ ಏರುತ್ತದೆ. ಹಿಂದೆಯೇ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಬಂದು ರಕ್ತಕ್ಕೆ ಸಕ್ಕರೆ ಬಿಡುಗಡೆ ಮಾಡಿಸುತ್ತದೆ. ಓಡಲು ಶಕ್ತಿ ಬೇಕಲ್ಲ. ಹಾವು ಹೋದ ಮೇಲೆ ಎಲ್ಲ ಇಳಿಯುತ್ತದೆ. ದೇಹಕ್ಕೆ ಇದರಿಂದ ನಷ್ಟವಿಲ್ಲ. ನಷ್ಟ ಆಗುವುದು ಇಳಿಯದೇ ಇದ್ದಾಗ. ತಿಂಗಳುಗಟ್ಟಲೆ ಏರಿದ್ದು ಏರಿದ ಹಾಗೇ ಇದ್ದರೆ ರಕ್ತನಾಳ, ನಿದ್ದೆ, ಸಕ್ಕರೆಯ ಹತೋಟಿ ಎಲ್ಲ ಸವೆಯುತ್ತವೆ. ಗಾಡಿಯ ಕೀಲು ಎಣ್ಣೆ ಇಲ್ಲದೆ ಸವೆದ ಹಾಗೆ. ಚಿಂತೆಯ ಸ್ವಭಾವದವರಿಗೆ ಹಾವು ಬೇಗ ಕಾಣುತ್ತದೆ, ಹೋದ ಮೇಲೂ ಹೋಗುವುದಿಲ್ಲ. ರಾತ್ರಿ ಮಲಗಿದಾಗಲೂ ಅದು ಅಲ್ಲೇ ಇರುತ್ತದೆ.

ಇದಕ್ಕೆ ಕನ್ನಡದಲ್ಲಿ ಒಳ್ಳೆಯ ಮಾತಿದೆ, ಮೆಲುಕು ಹಾಕುವುದು. ಸೂಸನ್ ನೋಲೆನ್-ಹೋಕ್ಸೆಮಾ ಎಂಬ ಮನೋವಿಜ್ಞಾನಿ ಜೀವನವಿಡೀ ಅಭ್ಯಾಸ ಮಾಡಿದ್ದು ಇದನ್ನೇ. 1989ರ ಅಕ್ಟೋಬರಿನಲ್ಲಿ ಅವರು ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳಿಗೆ ಪ್ರಶ್ನೆಪತ್ರಿಕೆ ಕೊಟ್ಟು, ಬೇಸರ ಆದಾಗ ಏನು ಮಾಡುತ್ತೀರಿ ಎಂದು ಕೇಳಿದ್ದರು. ಎರಡೇ ವಾರದಲ್ಲಿ ಆ ಊರಿನ ಸುತ್ತ ದೊಡ್ಡ ಭೂಕಂಪ ಆಯಿತು. ಅದೇ ವಿದ್ಯಾರ್ಥಿಗಳನ್ನು ಮತ್ತೆ ಕೇಳಿದರು. ಬೇಸರವನ್ನು ಮೆಲುಕು ಹಾಕುವ ರೂಢಿ ಇದ್ದವರಲ್ಲಿ ಏಳು ವಾರದ ನಂತರವೂ ಖಿನ್ನತೆ ಜಾಸ್ತಿ ಇತ್ತು. ಭೂಮಿ ಎಲ್ಲರಿಗೂ ನಡುಗಿತ್ತು. ಕೆಲವರಿಗೆ ಆಮೇಲೂ ನಡುಗುತ್ತಲೇ ಇತ್ತು.

ಆದರೂ ಚಿಂತೆಗೆ ಒಂದು ಒಳ್ಳೆಯ ಮುಖ ಇದೆ. ಬ್ರಿಟನ್ನಿನ ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ನೋಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಅಚ್ಚರಿ ತಂದಿತು. ತಮ್ಮ ಆರೋಗ್ಯ ಅಷ್ಟಕ್ಕಷ್ಟೇ ಎಂದು ಹೇಳಿಕೊಂಡವರಲ್ಲಿ, ಚಿಂತೆಯ ಸ್ವಭಾವ ಹೆಚ್ಚಿದ್ದವರು ಸ್ವಲ್ಪ ಕಡಿಮೆ ಸತ್ತಿದ್ದರು. ಚಿಂತೆಗೆ ಅಚ್ಚುಕಟ್ಟುತನವೂ ಜೊತೆಯಾದರೆ ಇನ್ನೂ ಒಳ್ಳೆಯದು ಎಂದು ಕೆಲವು ತಜ್ಞರು ಹೇಳುತ್ತಾರೆ. ಎದೆ ಹಿಡಿದ ಹಾಗಾದರೆ ಗ್ಯಾಸು ಎಂದು ಸೋಡಾ ಕುಡಿದು ಮಲಗುವವರು ಇವರಲ್ಲ. ಇಸಿಜಿ ಮಾಡಿಸುತ್ತಾರೆ. ನಮ್ಮ ರಾಜ್ಯದಲ್ಲಿ ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡುವ ವ್ಯವಸ್ಥೆ ಆಗಿದೆ. ಅದು ಪ್ರಯೋಜನಕ್ಕೆ ಬರುವುದು ಹೆದರಿ ಬೇಗ ಬಂದವರಿಗೆ.

ಈಗ ಒತ್ತಡ ನಿಭಾಯಿಸುವ ಮಾತಿಗೆ ಬರೋಣ. ರಿಚರ್ಡ್ ಲಜಾರಸ್ ಮತ್ತು ಸೂಸನ್ ಫೋಕ್‌ಮನ್ 1984ರಲ್ಲಿ ಇದನ್ನು ಎರಡು ಬಗೆಯಾಗಿ ನೋಡಿದರು. ಕಷ್ಟದ ಬೇರಿಗೇ ಕೈ ಹಾಕುವುದು ಒಂದು. ಕಷ್ಟ ತಂದ ಮನಸ್ಸಿನ ನೋವನ್ನು ಸಮಾಧಾನ ಮಾಡಿಕೊಳ್ಳುವುದು ಇನ್ನೊಂದು. ಎರಡೂ ಬೇಕು. ಯಾವಾಗ ಯಾವುದು ಎಂಬುದೇ ಪ್ರಶ್ನೆ. ಸೊಸೈಟಿ ಸಾಲದ ಕಂತು ಬಾಕಿ ಇದ್ದರೆ ಕಾಗದ ಹಿಡಿದು ಮ್ಯಾನೇಜರ್ ಹತ್ತಿರ ಹೋಗಿ ಮಾತಾಡಬೇಕು. ಭಜನೆ ಒಂದರಿಂದಲೇ ಅದು ತೀರುವುದಿಲ್ಲ. ಆದರೆ ಬಯಾಪ್ಸಿ ರಿಪೋರ್ಟ್ ಬರಲು ಹತ್ತು ದಿನ ಇದೆ ಎಂದಾಗ ಮಾಡಲು ಏನೂ ಇರುವುದಿಲ್ಲ. ಆಗ ಭಜನೆ, ಗೆಳತಿಯ ಜೊತೆ ನಡಿಗೆ, ಅಡುಗೆ ಮನೆಯ ಕೆಲಸ ಇವೇ ಮದ್ದು. ಅಚ್ಚುಕಟ್ಟಿನವರು ಮೊದಲನೆಯದರಲ್ಲಿ ಗಟ್ಟಿ, ಎರಡನೆಯದರಲ್ಲಿ ಒದ್ದಾಡುತ್ತಾರೆ. ಕೈಮೀರಿದ್ದನ್ನೂ ಸರಿ ಮಾಡಲು ಹೋಗಿ ಸುಸ್ತಾಗುತ್ತಾರೆ. ಚಿಕ್ಕಮ್ಮನಂಥವರು ಎರಡನೆಯದನ್ನು ಹುಟ್ಟಿನಿಂದಲೇ ಬಲ್ಲರು. ಆದರೆ ಕೈಯಲ್ಲಿ ಆಗುವ ಕೆಲಸವನ್ನೂ ದೇವರ ಮೇಲೆ ಹಾಕಿಬಿಡುತ್ತಾರೆ. ಜನರೊಡನೆ ಬೆರೆಯುವವರಿಗೆ ಕಷ್ಟ ಹೇಳಿಕೊಳ್ಳಲು ನಾಲ್ಕು ಮನೆ ಇರುತ್ತವೆ. ಅದು ದೊಡ್ಡ ಆಸ್ತಿ.

ಹೊಂದಿಕೊಂಡು ಹೋಗುವ ಗುಣದ ಬಗ್ಗೆ ಸ್ವಲ್ಪ ನಿಲ್ಲಬೇಕು. ನಮ್ಮಲ್ಲಿ ಅದನ್ನು ಬಹಳ ಹೊಗಳುತ್ತೇವೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ಅದು ಹೊಗಳಿಕೆಯೋ ಆಜ್ಞೆಯೋ ತಿಳಿಯುವುದಿಲ್ಲ. "ಹೊಟ್ಟೆಗೆ ಹಾಕ್ಕೊಂಡು ಹೋಗಮ್ಮ" ಎನ್ನುತ್ತೇವೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ ಗಂಡ ಹೆಂಡಿರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನ ಇಲ್ಲಿ ನೆನಪಾಗುತ್ತದೆ. ಗಂಡನ ಜೊತೆ ಜಗಳ ಬಂದಾಗ ಬಾಯಿ ಕಟ್ಟಿಕೊಳ್ಳುತ್ತಿದ್ದ ಹೆಂಗಸರಿಗೆ, ಮಾತಾಡುತ್ತಿದ್ದವರಿಗಿಂತ ಹತ್ತು ವರ್ಷದಲ್ಲಿ ಸಾಯುವ ಸಾಧ್ಯತೆ ನಾಲ್ಕು ಪಟ್ಟು ಇತ್ತು. ಗಂಡಸರಲ್ಲಿ ಹಾಗಿರಲಿಲ್ಲ. ಸತ್ತವರ ಸಂಖ್ಯೆ ಕಡಿಮೆ ಇದ್ದ ಒಂದು ಅಧ್ಯಯನ ಇದು, ಕಲ್ಲಿನ ಮೇಲೆ ಕೆತ್ತಿಡುವಂಥದ್ದಲ್ಲ. ಆದರೆ ಒಂದು ವಿಷಯ ಸ್ಪಷ್ಟ. ಹೆದರಿ ಸುಮ್ಮನಿರುವುದನ್ನು ನಾವು ಎಷ್ಟೋ ಸಲ ಸಾಧು ಸ್ವಭಾವ ಎಂದು ಕರೆದಿದ್ದೇವೆ. ಮಾತಾಡಿದರೆ ಬೀಳುವ ಏಟಿಗೋ ಅವಮಾನಕ್ಕೋ ಹುಟ್ಟಿದ ಮೌನ ಯಾರ ಹುಟ್ಟುಗುಣವೂ ಅಲ್ಲ.

ಒತ್ತಡವನ್ನೇ ಬಿಟ್ಟು ಬರೀ ಸ್ವಭಾವದ ಬಗ್ಗೆ ಮಾತಾಡಿದರೆ ಸಿಗರೇಟು ಕಂಪನಿ ಮಾಡಿದ ತಪ್ಪನ್ನೇ ನಾವೂ ಮಾಡಿದ ಹಾಗೆ. 1991ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಶೆಲ್ಡನ್ ಕೊಹೆನ್ ಮತ್ತು ಜೊತೆಗಾರರು ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ 394 ಆರೋಗ್ಯವಂತರ ಒಪ್ಪಿಗೆ ಪಡೆದು, ಮೂಗಿಗೆ ನೆಗಡಿಯ ವೈರಸ್ ಹನಿ ಹಾಕಿದರು. ಕಡಿಮೆ ಒತ್ತಡದಲ್ಲಿದ್ದವರಲ್ಲಿ ಶೇ 27 ಜನರಿಗೆ ನೆಗಡಿ ಬಂತು. ಅತಿ ಹೆಚ್ಚು ಒತ್ತಡ ಇದ್ದವರಲ್ಲಿ ಶೇ 47 ಜನರಿಗೆ. ಸ್ವಭಾವದ ವ್ಯತ್ಯಾಸಗಳನ್ನು ಲೆಕ್ಕದಿಂದ ತೆಗೆದು ನೋಡಿದರು. ಫಲಿತಾಂಶ ಬದಲಾಗಲಿಲ್ಲ. ಒತ್ತಡ ತನ್ನಷ್ಟಕ್ಕೆ ತಾನೇ ಕೆಲಸ ಮಾಡಿತ್ತು. ಬ್ರಿಟನ್ನಿನ ಸರ್ಕಾರಿ ನೌಕರರನ್ನು ದಶಕಗಟ್ಟಲೆ ನೋಡಿದ ಮೈಕೆಲ್ ಮಾರ್ಮಟ್ ಅವರಿಗೆ ಕಂಡಿದ್ದೂ ಇದಕ್ಕೆ ಹತ್ತಿರ. ಹೃದಯದ ಕಾಯಿಲೆ ಹೆಚ್ಚಿದ್ದದ್ದು ದೊಡ್ಡ ಸಾಹೇಬರಲ್ಲಿ ಅಲ್ಲ, ಕೆಳಗಿನ ದರ್ಜೆಯವರಲ್ಲಿ. ಕೆಲಸ ಬೆಟ್ಟದಷ್ಟು, ಅದರ ಮೇಲೆ ಹಿಡಿತ ಮಾತ್ರ ಇಲ್ಲ ಎನ್ನುವವರಲ್ಲಿ.

ಹಾಸನದ ಪಟ್ಟಿಯಲ್ಲಿದ್ದ ಆಟೋ, ಕ್ಯಾಬ್ ಚಾಲಕರನ್ನು ಈಗ ಮತ್ತೆ ನೆನೆಯಿರಿ. ಹನ್ನೆರಡು ಗಂಟೆ ಸೀಟಿನಲ್ಲಿ ಕೂತು, ಹೊಗೆ ಕುಡಿದು, ಸಿಕ್ಕ ಕಡೆ ತಿಂದು, ನಿದ್ದೆ ಕೆಟ್ಟು, ಕಂತು ಕಟ್ಟುವ ಚಾಲಕನಿಗೆ "ಟೆನ್ಷನ್ ತಗೋಬೇಡಪ್ಪ" ಎನ್ನುವುದು ಸುಲಭ. ಅವನಿಗೆ ಬೇಕಾಗಿರುವುದು ಕೂತು ಉಣ್ಣಲು ಜಾಗ, ಒಂದು ದಿನದ ರಜೆ, ಸ್ಟ್ಯಾಂಡಿನ ಹತ್ತಿರವೇ ಬಿಪಿ ನೋಡುವವರು. ಅದನ್ನು ಕೊಡಲಾಗದವರು ಅವನ ಸ್ವಭಾವದ ಬಗ್ಗೆ ಮಾತಾಡಬಾರದು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುತ್ತಾರೆ ಹಿರಿಯರು. ಅರ್ಧ ನಿಜ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಜನರ ನಡುವಿನ ಸ್ವಭಾವದ ವ್ಯತ್ಯಾಸದಲ್ಲಿ ಶೇ 40ರಿಂದ 50ರಷ್ಟು ವಂಶದಿಂದ ಬಂದದ್ದು. ಉಳಿದದ್ದಕ್ಕೆ ಬದುಕು ಕಾರಣ. ವಯಸ್ಸಾದಂತೆ ಹೆಚ್ಚಿನವರು ಮೊದಲಿಗಿಂತ ಅಚ್ಚುಕಟ್ಟಾಗುತ್ತಾರೆ. ಬ್ರೆಂಟ್ ರಾಬರ್ಟ್ಸ್ ಮತ್ತು ಜೊತೆಗಾರರು 2017ರಲ್ಲಿ 207 ಅಧ್ಯಯನಗಳನ್ನು ಒಟ್ಟಿಗೆ ನೋಡಿ ಹೇಳಿದ್ದು ಏನೆಂದರೆ, ಆಪ್ತ ಸಲಹೆ ಮತ್ತು ಚಿಕಿತ್ಸೆಯಿಂದ ಕೆಲವೇ ತಿಂಗಳಲ್ಲಿ ಸ್ವಭಾವ ಅಳೆಯುವಷ್ಟು ಬದಲಾಗುತ್ತದೆ. ಎಲ್ಲಕ್ಕಿಂತ ಹೆಚ್ಚು ಬದಲಾಗುವುದು ತಲೆಗೆ ಹಚ್ಚಿಕೊಳ್ಳುವ ಗುಣವೇ.

ಟೈಪ್ ಎ ಕಥೆಗೆ ಇಲ್ಲೊಂದು ಒಳ್ಳೆಯ ತುದಿ ಇದೆ. ಮೇಯರ್ ಫ್ರೀಡ್‌ಮನ್ ತಾವೂ ಟೈಪ್ ಎ ಎಂದು ಒಪ್ಪಿಕೊಂಡಿದ್ದರು. ಅವರಿಗೇ ಹೃದಯಾಘಾತ ಆಗಿತ್ತು. ಆಮೇಲೆ ಅವರು ಒಮ್ಮೆ ಹೃದಯಾಘಾತ ಆದವರಿಗೆ ಅವಸರ, ಸಿಟ್ಟು ಇಳಿಸುವ ತರಬೇತಿ ಕೊಟ್ಟರು. ಉದ್ದದ ಕ್ಯೂನಲ್ಲೇ ಬೇಕೆಂದು ನಿಲ್ಲುವಂಥ ಸಣ್ಣ ಸಣ್ಣ ಅಭ್ಯಾಸಗಳು ಅದರಲ್ಲಿದ್ದವು. ನಾಲ್ಕೂವರೆ ವರ್ಷದಲ್ಲಿ ಬರೀ ವೈದ್ಯಕೀಯ ಸಲಹೆ ಪಡೆದವರಲ್ಲಿ ಶೇ 21 ಜನರಿಗೆ ಮತ್ತೆ ತೊಂದರೆ ಆಯಿತು. ಈ ತರಬೇತಿಯೂ ಸಿಕ್ಕವರಲ್ಲಿ ಶೇ 13 ಜನರಿಗೆ. 1986ರಲ್ಲಿ ಈ ಫಲಿತಾಂಶ ಬಂತು. ಫ್ರೀಡ್‌ಮನ್ ತೀರಿಕೊಂಡದ್ದು 2001ರಲ್ಲಿ, 90 ದಾಟಿದ ಮೇಲೆ. ಜನರನ್ನು ಎರಡು ಜಾತಿ ಮಾಡಿದ ಅವರ ಸಿದ್ಧಾಂತ ನಿಲ್ಲಲಿಲ್ಲ. ರೂಢಿ ಬದಲಾಯಿಸಬಹುದು ಎಂದು ತೋರಿಸಿದ ಅವರ ಈ ಕೆಲಸವನ್ನು ನಾನು ಹೆಚ್ಚು ಗೌರವಿಸುತ್ತೇನೆ.

ಸಹಾಯ ದೂರವೇನಿಲ್ಲ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಖಿನ್ನತೆ, ಆತಂಕದಂಥ ಸಾಮಾನ್ಯ ಮಾನಸಿಕ ತೊಂದರೆ ಇದ್ದವರಲ್ಲಿ ಶೇ 85ರಷ್ಟು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಸಹಾಯವಾಣಿ ಶುರುವಾಯಿತು. 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಮೆಲುಕು ನಿಲ್ಲದಿದ್ದರೆ ಸಾಕು, ಹುಚ್ಚು ಹಿಡಿಯುವವರೆಗೆ ಕಾಯಬೇಕಿಲ್ಲ. ಒಂದು ಸಣ್ಣ ಸಂಗತಿ ಅಮ್ಮನಿಗೆ ಕೆಲಸ ಮಾಡಿದೆ. ಸಂಜೆ ಆರಕ್ಕೆ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಅವತ್ತಿನ ಚಿಂತೆಗಳನ್ನು ಬರೆಯುತ್ತಾರೆ. ಪಕ್ಕದಲ್ಲಿ, ಇದಕ್ಕೆ ನಾಳೆ ನನ್ನ ಕೈಲಿ ಏನಾದರೂ ಮಾಡಲು ಆಗುತ್ತದಾ ಎಂದು ಬರೆಯುತ್ತಾರೆ. ಆಗುವಂಥದ್ದಕ್ಕೆ ಗೀಟು ಹಾಕುತ್ತಾರೆ. ಉಳಿದದ್ದು ಪುಸ್ತಕದೊಳಗೇ ಇರುತ್ತದೆ. ನಿದ್ದೆ ಮೊದಲಿಗಿಂತ ಚೆನ್ನಾಗಿದೆ ಅನ್ನುತ್ತಾರೆ.

ಚಿಕ್ಕಮ್ಮನಿಗೆ ನೋಟ್‌ಬುಕ್ ಒಗ್ಗುವುದಿಲ್ಲ. ಒಂದೇ ದಿನಕ್ಕೆ ಕಳೆದುಹೋಗುತ್ತದೆ. ಅದಕ್ಕೆ ಅಕ್ಕ ತಂಗಿ ಬೇರೆ ದಾರಿ ಮಾಡಿಕೊಂಡಿದ್ದಾರೆ. ದಿನಾ ಬೆಳಿಗ್ಗೆ ಏಳಕ್ಕೆ ಅಮ್ಮ ಫೋನ್ ಮಾಡುತ್ತಾರೆ. ಇಬ್ಬರೂ ಫೋನ್ ಸ್ಪೀಕರಿಗೆ ಹಾಕಿ, ಮಾತ್ರೆ ಬಾಯಿಗೆ ಹಾಕಿ, ಒಟ್ಟಿಗೇ ನೀರು ಕುಡಿಯುತ್ತಾರೆ. ಆಮೇಲೆ ಇಪ್ಪತ್ತು ನಿಮಿಷ ಊರಿನ ಸುದ್ದಿ. ಆ ಇಪ್ಪತ್ತು ನಿಮಿಷ ನಮ್ಮ ಅಡುಗೆ ಮನೆಯಲ್ಲಿ ಅಮ್ಮನ ನಗು ಕೇಳುತ್ತದೆ.